ಬೆಡ್ಡಿನ ಅಭಾವ: ಒಂದು ತಾರ್ಕಿಕ ವಿವೇಚನೆ

ಅಭಾವವೂ ಒಂದು ಪದಾರ್ಥವೇ ಎಂದು ನ್ಯಾಯ-ವೈಶೇಷಿಕರು ಸಾಧಿಸಿದಾಗ ಪ್ರಾಭಾಕರ ಮೀಮಾಂಸಕರು ಒಪ್ಪಲಿಲ್ಲ. ಅವರನ್ನು ರಾತ್ರಿ ಹನ್ನೊಂದರ ಹೊತ್ತಿಗೆ ಬೆಂಗಳೂರಿನ ಯಾವುದಾದರೂ ದೊಡ್ಡಾಸ್ಪತ್ರೆಯ ಕ್ಯಾಶುಯಾಲ್ಟಿಗೆ ಕರೆದೊಯ್ದಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿ ಎಲ್ಲಕ್ಕಿಂತ ಎದ್ದು ಕಾಣುವ ಪದಾರ್ಥವೇ ಬೆಡ್ಡಿನ ಅಭಾವ.

ಅಭಾವ ನಾಲ್ಕು ಬಗೆ. ಇನ್ನೂ ಹುಟ್ಟದ ವಸ್ತುವಿನದು ಪ್ರಾಗಭಾವ. ಮೇಲಿನ ವಾರ್ಡಿನ ರೋಗಿಗೆ ಬೆಳಗಿನ ರೌಂಡ್ಸ್‌ನಲ್ಲೇ ಡಿಸ್ಚಾರ್ಜ್ ಹೇಳಿಯಾಗಿದೆ. ಆದರೆ ಸಮ್ಮರಿ ಬರೆಯಬೇಕಾದ ಹೌಸ್ ಸರ್ಜನ್ ಕೆಳಗೆ ಕ್ಯಾಶುಯಾಲ್ಟಿಯಲ್ಲಿ ಹೊಲಿಗೆ ಹಾಕುತ್ತಿದ್ದಾರೆ; ಹೊಲಿಗೆ ಹಾಕಿಸಿಕೊಂಡವನಿಗೆ ಅದೇ ಬೆಡ್ ಬೇಕು. ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಪ್ರಧ್ವಂಸಾಭಾವ, ಇದ್ದದ್ದು ಹೋದ ಮೇಲಿನದು: ಒಂಬತ್ತೂವರೆಗೆ ಒಂದು ಬೆಡ್ ಇತ್ತು, ಅಷ್ಟರಲ್ಲಿ ಶಾಸಕರ ಪಿಎ ಫೋನ್ ಬಂತು. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಅತ್ಯಂತಾಭಾವಕ್ಕೆ ‘ಗಾಳಿಗೆ ಬಣ್ಣವಿಲ್ಲ’ ಎಂಬುದು ಗ್ರಂಥಗಳ ಉದಾಹರಣೆ; ‘ವೆಂಟಿಲೇಟರ್ ಬೆಡ್ ಖಾಲಿಯಿಲ್ಲ’ ಎಂಬುದು ನಮ್ಮದು.

ಉಳಿದದ್ದು ಅನ್ಯೋನ್ಯಾಭಾವ: ಟ್ರಾಲಿ ಬೆಡ್ಡಲ್ಲ, ಬೆಡ್ಡು ಟ್ರಾಲಿಯಲ್ಲ. ಪ್ಯಾಸೇಜಿನ ಟ್ರಾಲಿಯ ಮೇಲೆ ನಿನ್ನೆಯಿಂದ ಮಲಗಿರುವ ಅಜ್ಜನಿಗೆ ಈ ಭೇದವನ್ನು ಯಾರೂ ತಿಳಿಸಿಲ್ಲ. ಸ್ಟ್ಯಾಂಡ್ ಸಿಗದೆ ಅಳಿಯ ಡ್ರಿಪ್ ಬಾಟಲಿ ಎತ್ತಿಹಿಡಿದು ನಿಂತಿದ್ದಾನೆ. ತೋಳು ಸೋತು ಬಾಟಲಿ ಇಳಿದಂತೆ ಟ್ಯೂಬಿನಲ್ಲಿ ರಕ್ತ ಮೇಲೇರುತ್ತದೆ. ‘ಸ್ವಲ್ಪ ಮೇಲೆ ಹಿಡೀರಿ ಯಜಮಾನ್ರೇ!’ ಎಂದು ಸಿಸ್ಟರ್ ಗದರುತ್ತಾರೆ. ಬಾಟಲಿ ಮತ್ತೆ ಏರುತ್ತದೆ.

ಪೂರ್ವಪಕ್ಷ: ನೆಗಡಿ, ಕೆಮ್ಮಿನವರೆಲ್ಲ ನುಗ್ಗುವುದರಿಂದಲೇ ಈ ನೂಕುನುಗ್ಗಲು. ಖಂಡನೆ: ನೆಗಡಿಯವನು ಬೆಂಚಿನ ಮೇಲೆ ಕೂತು, ಮಾತ್ರೆ ಇಸಕೊಂಡು ಹೋಗುತ್ತಾನೆ, ಟ್ರಾಲಿ ಕೇಳುವುದಿಲ್ಲ. ಟ್ರಾಲಿ ಹಿಡಿದಿರುವವನು ತುರ್ತು ಚಿಕಿತ್ಸೆ ಮುಗಿದು ವಾರ್ಡಿಗೆ ಕಾದಿರುವವನು. ಗಂಟೆಗೆ ಬರುವವರನ್ನು ತಂಗುವ ಗಂಟೆಗಳಿಂದ ಗುಣಿಸಿದರೆ ಒಳಗಿರುವವರ ಸರಾಸರಿ ಸಂಖ್ಯೆ ಸಿಗುತ್ತದೆಂದು ಜಾನ್ ಲಿಟ್ಲ್ 1961ರಲ್ಲೇ ಸಾಧಿಸಿ ತೋರಿಸಿದ. ಗಂಟೆಗೆ 6 ಜನ ಬಂದು 4 ಗಂಟೆ ತಂಗಿದರೆ 24. ತಂಗುವುದು 10 ಗಂಟೆಯಾದರೆ, ಹೆಚ್ಚಿಗೆ ಒಬ್ಬನೂ ಬಾರದೆಯೇ, 60. ಅಡಚಣೆ ಇರುವುದು ಹಿಂಬಾಗಿಲಲ್ಲಿ. ಆಡಳಿತ ಮಾತ್ರ ಮುಂಬಾಗಿಲಿಗೆ ಇನ್ನೊಬ್ಬ ಸೆಕ್ಯೂರಿಟಿಯನ್ನು ಹಾಕುತ್ತದೆ.

ಇನ್ನು ಶಬ್ದಪ್ರಮಾಣ. ರೈಲಿನಿಂದ ಬಿದ್ದ ಕೂಲಿಕಾರನೊಬ್ಬನನ್ನು ಪಶ್ಚಿಮ ಬಂಗಾಳದ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಸಾಗಹಾಕಿದವು. ಇದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಎಲ್ಲಿ ಬೆಡ್ ಇದೆಯೋ ಅಲ್ಲಿಗೆ ರೋಗಿಯನ್ನು ಕಳಿಸಲು ಆಸ್ಪತ್ರೆಗಳ ನಡುವೆ ಕೇಂದ್ರೀಕೃತ ಸಂಪರ್ಕ ಬೇಕೆಂದೂ ಹೇಳಿತು. ಇಂದಿಗೂ ರೋಗಿಯ ಕಡೆಯವರೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಫೋನ್ ಮಾಡುತ್ತಿರುತ್ತಾರೆ.

ಒಂದು ಜಾತಿಯ ಪ್ರಾಗಭಾವ ಮಾತ್ರ ಓದುಗರ ಕೈಯಲ್ಲಿದೆ. ನಿಮ್ಮವರಿಗೆ ಡಿಸ್ಚಾರ್ಜ್ ಆದರೆ ಮಂಗಳವಾರ, ಅಮಾವಾಸ್ಯೆ ಎನ್ನದೆ ದಯವಿಟ್ಟು ಹೊರಡಿ. ಶುಕ್ರವಾರದ ರಾಹುಕಾಲ ಹನ್ನೆರಡಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಕ್ಯಾಂಟೀನಿನಲ್ಲೂ ಕೂರಬಹುದು.