ತೂಕ ಏರಿಸಿಕೊಳ್ಳಲು ಅನುಮತಿ ಕೋರಿ

ಆರೋಗ್ಯ ವಿಮಾ ಕಂಪನಿಯ ಕ್ಲೇಮ್ ವಿಭಾಗದ ಸಾಹೇಬರಿಗೆ,

ನಾನು ಆನೇಕಲ್ಲಿನ ಪಾಲಿಸಿದಾರ. ಡಯೆಟಿಷಿಯನ್ ಫೀಸು 800 ರೂಪಾಯಿಯ ಬಿಲ್ಲನ್ನು ತಾವು ವಾಪಸು ಕಳಿಸಿದ್ದು ತಲುಪಿತು. ನಾನು ಒಳರೋಗಿಯಲ್ಲವೆಂದು ಕಾರಣ ಕೊಟ್ಟಿದ್ದೀರಿ. ನಿಜ, ನಡೆದುಕೊಂಡೇ ಹೋಗಿದ್ದೆ, ನಡೆದುಕೊಂಡೇ ಬಂದೆ. ಸ್ಟ್ರೆಚರ್ ಮೇಲೆ ಹೋಗುವಷ್ಟು ತಾಳ್ಮೆ ಇರಲಿಲ್ಲ.

ನನ್ನ ಶುಗರಿಗೆಂದು ಆ ಡಯೆಟಿಷಿಯನ್ ಹೆಣ್ಣುಮಗಳು ಮಾಡಿದ್ದಿಷ್ಟು: ಜಿಗಣಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದವನು ಏನು ತಿನ್ನುತ್ತಾನೆ, ಎಷ್ಟು ಹೊತ್ತಿಗೆ ಮಲಗುತ್ತಾನೆ ಎಂದು ಮುಕ್ಕಾಲು ಗಂಟೆ ಕೂತು ವಿಚಾರಿಸಿದರು. ಎರಡು ಮುದ್ದೆ ಒಂದಾಯಿತು. ಬಸ್ಸಾರಿನ ಸೊಪ್ಪು ಒಂದಕ್ಕೆರಡಾಯಿತು. ನಡುರಾತ್ರಿಯ ಬನ್ನು, ಸಕ್ಕರೆ ಟೀ ಹೋಗಿ ಹುರಿಗಡಲೆ ಬಂತು. ಶುಗರ್ ಇಳಿಯಿತು. ಆದರೂ ಇದು ಕ್ಲೇಮಿಗೆ ಬರುವ ಚಿಕಿತ್ಸೆಯಲ್ಲ!

ನಾನು ಒಳರೋಗಿಯಾಗಿದ್ದರೂ ಅವರ ಫೀಸಿನ ಪಾಡು ಅಷ್ಟರಲ್ಲೇ ಇತ್ತು ಬಿಡಿ. ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಪಟ್ಟಿಯಲ್ಲಿ ಡಯೆಟಿಷಿಯನ್ ಶುಲ್ಕ ಚಿಕಿತ್ಸಾ ವೆಚ್ಚದೊಳಗೇ ಅಡಗಿಹೋಗುವ ಬಾಬತ್ತು. ನೆರೆಹೊರೆಯಲ್ಲಿ ಸ್ಪಿರಿಟ್, ಮೌತ್‌ವಾಶ್, ಯೂರಿನ್ ಬ್ಯಾಗು. 2021ರ ಕೇಂದ್ರ ಕಾಯ್ದೆ ಡಯೆಟಿಷಿಯನ್ನರನ್ನು ಆರೋಗ್ಯ ವೃತ್ತಿಪರರ ಸಾಲಿನಲ್ಲಿ ಕೂರಿಸಿದೆ. ಬಿಲ್ಲು ಮಾತ್ರ ಇನ್ನೂ ಯೂರಿನ್ ಬ್ಯಾಗಿನ ಪಕ್ಕದಲ್ಲೇ ಇದೆ.

ಕನ್ನಡಕ ಹಾಕಿಕೊಂಡು ಪಾಲಿಸಿಯ ಸಣ್ಣಕ್ಷರ ಓದಿದಾಗ ನನಗೊಂದು ದಾರಿ ಕಂಡಿತು. ಬೊಜ್ಜಿನ ಆಪರೇಷನ್ನಿಗೆ ತಾವು ಲಕ್ಷಗಟ್ಟಲೆ ಕೊಡುತ್ತೀರಿ! ಬಿಎಂಐ 40 ಇರಬೇಕು. ಹತೋಟಿಗೆ ಬಾರದ ಶುಗರ್‌ನಂಥ ಕಾಯಿಲೆ ಜೊತೆಗಿದ್ದರೆ 35 ಸಾಕು, ಆದರೆ ಕೊಯ್ಯದೆ ತೂಕ ಇಳಿಸುವ ದಾರಿಗಳು ಮೊದಲು ಸೋತಿರಬೇಕು. ಐದಡಿ ಆರಿಂಚಿನ ನಾನು ಈಗ 84 ಕೆಜಿ. ಬಿಎಂಐ 35 ಮುಟ್ಟಲು ಸುಮಾರು 98 ಆಗಬೇಕು. ಬಾಕಿ 14. ಹುಸ್ಕೂರು ಮದ್ದೂರಮ್ಮನ ಜಾತ್ರೆಯ ತನಕ ಗಡುವು ಕೊಡಿ. ಚಂದಾಪುರದ ಬೇಕರಿಗಳ ಮೇಲೆ ನನಗೆ ಪೂರ್ಣ ಭರವಸೆಯಿದೆ. ಮುದ್ದೆಯನ್ನೂ ಮತ್ತೆ ಎರಡಕ್ಕೇರಿಸುತ್ತೇನೆ.

ತೊಡಕು ಒಂದೇ. ಡಯೆಟಿಷಿಯನ್ ಸೋತರೆಂದು ಕಾಗದಪತ್ರ ಒದಗಿಸಲು ಮೊದಲು ಅವರ ಹತ್ತಿರ ಹೋಗಬೇಕಲ್ಲ ಸ್ವಾಮಿ? ಆ ಸೋಲಿನ ಫೀಸನ್ನಾದರೂ ತಾವು ಕೊಡುತ್ತೀರಾ?

ಇಷ್ಟೆಲ್ಲ ರಗಳೆ ಬೇಡವೆನಿಸಿದರೆ, ಶುಗರ್ ಇರುವವರಿಗೆ ವರ್ಷಕ್ಕೆ ನಾಲ್ಕು ಸಲ ಡಯೆಟಿಷಿಯನ್ ಹತ್ತಿರ ಹೋಗಿಬರುವ ಖರ್ಚನ್ನು ಮಾಮೂಲಿ ಪಾಲಿಸಿಯಲ್ಲೇ ಸೇರಿಸಿ, ಹಾಸಿಗೆ ಹಿಡಿಯಬೇಕೆಂಬ ಷರತ್ತಿಲ್ಲದೆ. ಮುಂದಿನ ಪ್ರೀಮಿಯಂ ಕಟ್ಟುವುದರೊಳಗೆ ಉತ್ತರ ಬಂದರೆ ಉಪಕಾರ.

ಇಂತಿ,
ಸದ್ಯಕ್ಕೆ 84 ಕೆಜಿಯ ಪಾಲಿಸಿದಾರ