ಫ್ಲ್ಯಾಟು ನೋಡುವ ರಾಯರು

ಲಂಡನ್ನಿನಲ್ಲಿ ನೆಲೆಸಿದ ಕನ್ನಡಿಗರ ಪ್ರತಿಯೊಂದು ಬಳಗದಲ್ಲಿಯೂ, ತಾವು ಎಂದೂ ಫ್ಲ್ಯಾಟು ಕೊಳ್ಳದೆ, ಕೊಳ್ಳಹೊರಟವರೆಲ್ಲರ ಸಂಗಡ ಹೋಗಿ ಅದನ್ನು ಪರೀಕ್ಷಿಸುವುದನ್ನೇ ವಾನಪ್ರಸ್ಥದ ಕರ್ತವ್ಯವೆಂದು ಭಾವಿಸಿರುವ ರಾಯರೊಬ್ಬರು ಇದ್ದೇ ಇರುತ್ತಾರೆ. ಏಜೆಂಟನಾದ ತರುಣನು ಬಾಲ್ಕನಿಯಿಂದ ತೋರುವ ಥೇಮ್ಸ್ ನದಿಯ ಅಂಗೈಯಗಲದ ದರ್ಶನವನ್ನು ವರ್ಣಿಸಲು ಬಾಯ್ದೆರೆಯುವಷ್ಟರಲ್ಲಿಯೇ, ರಾಯರು ನದಿಗೆ ಬೆನ್ನು ಮಾಡಿ, “ಅದಿರಲಿ, ಲೀಸು ಇನ್ನೆಷ್ಟು ವರ್ಷ ಉಳಿದಿದೆ?” ಎಂದು ಕೇಳುವರು. 82 ಎಂಬ ಉತ್ತರ ಬಂದರೆ, ಎಪ್ಪತ್ತನ್ನು ದಾಟಿ ಸ್ವಂತ ಆಯುಷ್ಯದ ವಿಷಯದಲ್ಲಿ ಪೂರ್ಣ ನಿಶ್ಚಿಂತರಾಗಿರುವ ಈ ಮಹನೀಯರು, ಆ 82 ವರ್ಷಗಳು ಬರುವ ಅಮಾವಾಸ್ಯೆಗೇ ತೀರಿಹೋಗುವುವೆಂಬಂತೆ ನಿಟ್ಟುಸಿರಿಡುವರು. 80ಕ್ಕಿಂತ ಕೆಳಗಿಳಿದ ಲೀಸನ್ನು ವಿಸ್ತರಿಸಿಕೊಳ್ಳುವವನು ಭೂಮಾಲೀಕನಿಗೆ ‘ಮ್ಯಾರೇಜ್ ವ್ಯಾಲ್ಯೂ’ ಎಂಬ ಹೆಚ್ಚಿನ ಕಪ್ಪವನ್ನೂ ಒಪ್ಪಿಸಬೇಕೆಂಬುದನ್ನೂ, 2024ರ ಕಾಯಿದೆಯು ಅದನ್ನು ತೊಡೆದುಹಾಕಹೊರಟರೂ ಆ ಭಾಗವು ಒಡನೆಯೇ ಜಾರಿಗೆ ಬರಲಿಲ್ಲವೆಂಬುದನ್ನೂ ಅವರು ಸಾವಧಾನವಾಗಿ ನಿರೂಪಿಸುವರು.

ಅನಂತರ, ಭೂಮಾಲೀಕನಿಗೆ ವರ್ಷವರ್ಷವೂ ತೆರಬೇಕಾದ ನೆಲಬಾಡಿಗೆಯಾದ ಗ್ರೌಂಡ್ ರೆಂಟಿನ ಪ್ರಸ್ತಾಪ. 2022ರ ಜೂನ್ 30ರಿಂದೀಚಿನ ಹೊಸ ಲೀಸುಗಳಿಗೆ ಸಾಮಾನ್ಯವಾಗಿ ಈ ಬಾಧೆಯಿಲ್ಲ. ಆದರೆ ಹಳೆಯ ಲೀಸೆಂದು ತಿಳಿದೊಡನೆ ರಾಯರು ಪೆನ್ಸಿಲು ತೆಗೆದು, ಈಗಿನ 250 ಪೌಂಡು ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾದರೆ ಐವತ್ತನೆಯ ವರ್ಷಕ್ಕೆ 8,000 ಆಗುವುದೆಂದು ಏಜೆಂಟನ ಸುಂದರವಾದ ವರ್ಣಪತ್ರಿಕೆಯ ಮೇಲೆಯೇ ಲೆಕ್ಕ ಬರೆದು, ಅದನ್ನು ಆತನ ಕೈಗೇ ಹಿಂದಿರುಗಿಸುವರು.

“ಅಂಕಲ್, ಅಡುಗೆಮನೆ ನೋಡೋಣ್ವಾ?” ಎಂದು ಕೊಳ್ಳಬಂದ ಹೆಣ್ಣುಮಗಳು ಮೆಲ್ಲಗೆ ಕೇಳುತ್ತಾಳೆ.

“ಇರಮ್ಮ, ಅಡುಗೆಮನೆ ಎಲ್ಲಿಗೂ ಓಡಿಹೋಗೋಲ್ಲ. ಲಿಫ್ಟ್ ರಿಪೇರಿಗೆ ನೆಲಮಹಡಿಯವರೂ ದುಡ್ಡು ಕೊಡಬೇಕೋ, ಅದನ್ನ ಮೊದಲು ಕೇಳೋಣ.”

ಮೂರು ವರ್ಷಗಳ ಸರ್ವಿಸ್ ಚಾರ್ಜಿನ ಲೆಕ್ಕವೆಲ್ಲಿ, ಮಾಳಿಗೆಯ ದುರಸ್ತಿಗೆ ಕೂಡಿಟ್ಟ ನಿಧಿಯಿದೆಯೇ, ಪ್ರತಿ ಫ್ಲ್ಯಾಟಿಗೆ 250 ಪೌಂಡಿಗೂ ಮಿಗಿಲಾದ ಕಾಮಗಾರಿಗೆ ಕೊಡಬೇಕಾದ ಸೆಕ್ಷನ್ 20ರ ನೋಟೀಸು ಬಂದಿದೆಯೇ ಎಂಬ ಪ್ರಶ್ನೆಗಳಿಗೆಲ್ಲ ಏಜೆಂಟನದು ಒಂದೇ ಉತ್ತರ: “ವಿಚಾರಿಸಿ ತಿಳಿಸುತ್ತೇನೆ.” ಹೊರಗೋಡೆಯ ಹೊದಿಕೆ ಬೆಂಕಿಗೆ ಸುರಕ್ಷಿತವೇ ಎಂದು ಕೇಳುವಾಗ ಮಾತ್ರ ರಾಯರ ಧ್ವನಿಯಲ್ಲಿ ಗತ್ತು ಇರುವುದಿಲ್ಲ; 2017ರಲ್ಲಿ ಗ್ರೆನ್‌ಫೆಲ್ ಗೋಪುರ ಹೊತ್ತಿ ಉರಿದುದನ್ನು ಆ ನಗರದವರಾರೂ ಮರೆತಿಲ್ಲ.

ನನ್ನನ್ನು ಕೇಳಿದರೆ, ರಾಯರ ಪ್ರಶ್ನೆಗಳಲ್ಲಿ ಒಂದೂ ವ್ಯರ್ಥವಲ್ಲ; ವಕೀಲನು ಹಣ ತೆಗೆದುಕೊಂಡು ಎರಡು ತಿಂಗಳ ಮೇಲೆ ಕೇಳುವುದನ್ನು ಇವರು ಒಂದು ಲೋಟ ಕಾಫಿಗೆ ಅಂದೇ ಕೇಳಿಬಿಡುತ್ತಾರೆ. ಅಂದಹಾಗೆ, ಹ್ಯಾರೋದಲ್ಲಿರುವ ರಾಯರ ಮನೆ ಫ್ರೀಹೋಲ್ಡಿನದು. ಗ್ರೌಂಡ್ ರೆಂಟೆಂದು ಜೀವಮಾನದಲ್ಲಿ ಅವರು ಒಂದು ಪೆನ್ನಿಯನ್ನೂ ಕೊಟ್ಟವರಲ್ಲ.