ಓದಿದವರಿಗೆ ಮಾತ್ರ ಮತ

ಟೆಕ್ಸಸ್‌ನಲ್ಲಿ ಪ್ರತಿ ಜನವರಿಯಲ್ಲಿ ಒಂದು ಚುನಾವಣೆ ನಡೆಯುತ್ತದೆ. ಅಲ್ಲಿ ನೋಟು ಹಂಚುವುದಿಲ್ಲ, ಸೀರೆ ಹಂಚುವುದಿಲ್ಲ, ಬಾಡೂಟವಂತೂ ಇಲ್ಲವೇ ಇಲ್ಲ. ಮತ ಹಾಕಬೇಕೆಂದರೆ ಅಭ್ಯರ್ಥಿಗಳಲ್ಲಿ ಐದು ಮಂದಿಯನ್ನಾದರೂ ಮೊದಲಿನಿಂದ ಕೊನೆಯವರೆಗೆ ತಿಳಿದುಕೊಂಡಿರಬೇಕು. ಇಷ್ಟು ಕಠಿಣ ಷರತ್ತು ಹಾಕಿದರೆ ನಮ್ಮ ಮತಗಟ್ಟೆಗಳಲ್ಲಿ ನೊಣ ಹೊಡೆಯುವವರೂ ಸಿಗಲಾರರು. ಟೆಕ್ಸಸ್‌ನಲ್ಲಿ ನಡೆಯುತ್ತದೆ, ಏಕೆಂದರೆ ಅಲ್ಲಿನ ಮತದಾರರು ಮೂರರಿಂದ ಆರನೇ ತರಗತಿಯ ಮಕ್ಕಳು, ಅಭ್ಯರ್ಥಿಗಳು ಪುಸ್ತಕಗಳು.

ಇದರ ಹೆಸರು ಬ್ಲೂಬಾನೆಟ್ ಪ್ರಶಸ್ತಿ. ರಾಜ್ಯದ ಗ್ರಂಥಾಲಯ ಸಂಘ 1979ರಲ್ಲಿ ಶುರುಮಾಡಿತು. ಗ್ರಂಥಪಾಲಕರು 20 ಪುಸ್ತಕಗಳ ಪಟ್ಟಿ ಕೊಡುತ್ತಾರೆ, ಅದರಲ್ಲಿ ಐದನ್ನಾದರೂ ಓದಿದ ಮಕ್ಕಳು ಒಂದಕ್ಕೆ ಮತ ಹಾಕುತ್ತಾರೆ. 1981ರಲ್ಲಿ ಮೊದಲ ಬಾರಿಗೆ ಗೆದ್ದದ್ದು ಬೆವರ್ಲಿ ಕ್ಲಿಯರಿಯ ‘ರಮೋನಾ ಅಂಡ್ ಹರ್ ಫಾದರ್’. ಅಪ್ಪನ ಕೆಲಸ ಹೋಗಿದೆ, ಮನೆಯಲ್ಲಿ ಎಲ್ಲರ ಮುಖ ಸಪ್ಪಗಿದೆ, ಮಗಳು ಅಪ್ಪನ ಸಿಗರೇಟು ಬಿಡಿಸಲು ಹಟ ಹಿಡಿದಿದ್ದಾಳೆ, ಕಥೆ ಅಷ್ಟೇ. ಎಚ್-1ಬಿ ವೀಸಾದ ಮೇಲೆ ಉಸಿರು ಬಿಗಿಹಿಡಿದು ಕೂತ ಇಂದಿನ ಅಪ್ಪಂದಿರಿಗೆ ಅದು ಮಕ್ಕಳ ಪುಸ್ತಕ ಅನ್ನಿಸಲಿಕ್ಕಿಲ್ಲ. ಮಕ್ಕಳಿಗೆ ಇಂಥ ವಿಷಯ ಬೇಡ ಎನ್ನುವವರು ಆಗಲೂ ಇದ್ದಿರಬೇಕು. ಅವರಿಗೆ ಮತವಿರಲಿಲ್ಲ.

ಹದಿಹರೆಯದವರಿಗೆ ದೇಶಮಟ್ಟದ ಚುನಾವಣೆಯೇ ಇದೆ. ‘ಟೀನ್ಸ್ ಟಾಪ್ ಟೆನ್’ ಎಂದು ಅಮೆರಿಕದ ಗ್ರಂಥಾಲಯ ಸಂಘದ ಒಂದು ವಿಭಾಗ ನಡೆಸುತ್ತ ಬಂದದ್ದು. ಹನ್ನೆರಡರಿಂದ ಹದಿನೆಂಟರವರು ಮತ ಹಾಕುತ್ತಾರೆ. ನಾಮಪತ್ರ ಸಲ್ಲಿಸುವುದೂ ಹುಡುಗ ಹುಡುಗಿಯರ ಓದುಕೂಟಗಳೇ. ಹೈಕಮಾಂಡ್ ಇಲ್ಲದ ಟಿಕೆಟ್ ಹಂಚಿಕೆ ಎಂದರೆ ಇದೇ ಇರಬೇಕು.

ಇಷ್ಟೇ ಆಗಿದ್ದರೆ ಟೆಕ್ಸಸ್ ಓದುಗರ ಸ್ವರ್ಗ ಎಂದುಕೊಳ್ಳಬಹುದಿತ್ತು. ಆದರೆ ಐದು ಪುಸ್ತಕದ ಷರತ್ತು ಮಕ್ಕಳಿಗಷ್ಟೇ. ದೊಡ್ಡವರು ಒಂದನ್ನೂ ಓದದೆ ಮತ ಹಾಕಬಹುದು, ಅದೂ ಪುಸ್ತಕದ ವಿರುದ್ಧ.

2021ರ ಅಕ್ಟೋಬರ್‌ನಲ್ಲಿ ಮ್ಯಾಟ್ ಕ್ರೌಸ್ ಎಂಬ ಶಾಸಕರು ಸುಮಾರು 850 ಪುಸ್ತಕಗಳ ಪಟ್ಟಿ ಮಾಡಿ, ಇವುಗಳಲ್ಲಿ ನಿಮ್ಮಲ್ಲಿ ಯಾವುವಿವೆ, ಎಷ್ಟು ದುಡ್ಡು ಸುರಿದಿದ್ದೀರಿ ಎಂದು ಶಾಲೆಗಳಿಗೆ ಪತ್ರ ಬರೆದರು. ಪುಸ್ತಕಕ್ಕೆ ಎರಡೇ ದಿನದಂತೆ ಲೆಕ್ಕ ಹಾಕಿದರೂ ಅಷ್ಟನ್ನು ಓದಲು ನಾಲ್ಕೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಶಾಸಕರು ಆಗ ಅಟಾರ್ನಿ ಜನರಲ್ ಹುದ್ದೆಗೂ ಓಡಾಡುತ್ತಿದ್ದರು. ಯಾವಾಗ ಓದಿದಿರಿ ಸ್ವಾಮಿ ಎಂದು ಕೇಳುವುದು ಸಭ್ಯತೆಯಲ್ಲ, ಬಿಡಿ.

ಅದೇ ತಿಂಗಳು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಜೆರ್ರಿ ಕ್ರಾಫ್ಟ್ ಅವರ ‘ನ್ಯೂ ಕಿಡ್’ ಕಪಾಟಿನಿಂದ ಕೆಳಗಿಳಿಯಿತು. 2020ರಲ್ಲಿ ನ್ಯೂಬೆರಿ ಪದಕ ಪಡೆದ ಚಿತ್ರಕಾದಂಬರಿ ಅದು. ಶ್ರೀಮಂತರ ಶಾಲೆಗೆ ಸೇರಿದ ಕಪ್ಪು ಹುಡುಗನ ಪಾಡು. ಪರಿಶೀಲನೆ ಮಾಡಿದವರಿಗೆ ಅದರಲ್ಲಿ ಬಾಂಬು ಸಿಗದೆ ಪುಸ್ತಕ ಮತ್ತೆ ಮೇಲೇರಿತು. ಮರುವರ್ಷ ಆಗಸ್ಟ್‌ನಲ್ಲಿ ಡಲ್ಲಾಸ್–ಫೋರ್ಟ್‌ವರ್ತ್ ಬಳಿಯ ಕೆಲ್ಲರ್‌ನಲ್ಲಿ 41 ಪುಸ್ತಕಗಳನ್ನು ಒಟ್ಟಿಗೇ ತೆಗೆದರು. ಆನ್ ಫ್ರ್ಯಾಂಕ್ ದಿನಚರಿಯ ಚಿತ್ರರೂಪವೂ ಇತ್ತು, ಬೈಬಲ್ಲೂ ಇತ್ತು. ಪಕ್ಷಪಾತದ ಆರೋಪ ಯಾರೂ ಮಾಡುವಂತಿಲ್ಲ!

ಆದರೆ ಬಹುಮಾನ ಕೊಡುವುದಾದರೆ ನಾನು ಆಸ್ಟಿನ್ ಕಡೆಯ ಲಾನೊ ಕೌಂಟಿಗೇ ಕೊಡುತ್ತೇನೆ. ಅಲ್ಲಿ ಶಾಲೆಯಲ್ಲ, ಸಾರ್ವಜನಿಕ ಗ್ರಂಥಾಲಯದಿಂದಲೇ 17 ಪುಸ್ತಕ ಹೊರಬಿದ್ದವು. ಜನಾಂಗಭೇದದ ಇತಿಹಾಸ ಹೇಳುವ ಪುಸ್ತಕಗಳ ಜೊತೆಗೆ ಮಕ್ಕಳು ಬಿದ್ದು ಬಿದ್ದು ನಗುವ ಹೂಸಿನ ಕಥೆಗಳೂ ಗಡೀಪಾರಾದವು. ವಾಪಸ್ ಇಡಿ ಎಂದು 2023ರಲ್ಲಿ ನ್ಯಾಯಾಧೀಶರು ಆದೇಶಿಸಿದಾಗ ಕೌಂಟಿಯ ಹಿರಿಯರು ಸಭೆ ಸೇರಿ, ಗ್ರಂಥಾಲಯವನ್ನೇ ಮುಚ್ಚಿಬಿಡೋಣವೇ ಎಂದು ಯೋಚಿಸಿದರು. ಮುಚ್ಚಲಿಲ್ಲ, ಪುಣ್ಯ. ಕೊನೆಗೆ 2025ರ ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯ 10–7ರ ಬಹುಮತದಿಂದ ಕೌಂಟಿಯ ಪರ ನಿಂತಿತು: ಗ್ರಂಥಾಲಯದಲ್ಲಿ ಇಂಥ ಪುಸ್ತಕ ಇಡಲೇಬೇಕೆಂದು ಕೇಳುವ ಹಕ್ಕು ಓದುಗರಿಗಿಲ್ಲ, ಬೇಕಾದವರು ಅಂಗಡಿಯಲ್ಲಿ ಕೊಳ್ಳಲಿ ಅಥವಾ ಸ್ನೇಹಿತರಿಂದ ಎರವಲು ತರಲಿ. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೈಹಾಕಲು ಒಪ್ಪಲಿಲ್ಲ. ಹನ್ನೆರಡು ವರ್ಷದ ಹುಡುಗಿ ಇನ್ನು ಶ್ರೀಮಂತ ಗೆಳತಿಯನ್ನು ಹುಡುಕಿಕೊಂಡರಾಯಿತು.

ಹ್ಯೂಸ್ಟನ್ ನಗರದ ಶಾಲೆಗಳದ್ದು ಬೇರೆಯೇ ದಾರಿ. 2023ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ಹೊಸ ಮುಖ್ಯಸ್ಥರು 28 ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆ ತೆಗೆದು, ಗ್ರಂಥಾಲಯಗಳನ್ನು ‘ಟೀಮ್ ಸೆಂಟರ್’ ಮಾಡಿದರು. ತರಗತಿಯಲ್ಲಿ ಗಲಾಟೆ ಮಾಡಿದವರನ್ನು ಅಲ್ಲಿಗೆ ಕಳಿಸುವುದು. ಪುಸ್ತಕವನ್ನು ಒಂದೊಂದಾಗಿ ತೆಗೆಯುವ ತಾಪತ್ರಯವೇ ಇಲ್ಲ ನೋಡಿ.

2025ರ ಸೆಪ್ಟೆಂಬರ್‌ನಿಂದ ಶಾಲೆಗಳಿಗೆ ಹೊಸ ಕಾನೂನೂ ಬಂದಿದೆ. ಯಾವ ಪುಸ್ತಕ ಕೊಳ್ಳುತ್ತೇವೆ ಎಂದು 30 ದಿನ ಮೊದಲೇ ಊರಿಗೆಲ್ಲ ತೋರಿಸಿ, ಶಾಲಾ ಮಂಡಳಿಯ ಒಪ್ಪಿಗೆ ಪಡೆಯಬೇಕು. ಬಗ್ಸ್ ಬನ್ನಿ ಮೊಲಕ್ಕೆ ತುಂಟತನ ಕಲಿಸಿದ ಟೆಕ್ಸ್ ಏವರಿ ಹುಟ್ಟಿದ್ದು 1908ರಲ್ಲಿ, ಆಸ್ಟಿನ್ ಹತ್ತಿರದ ಟೇಲರ್ ಎಂಬ ಸಣ್ಣ ಊರಿನಲ್ಲಿ. ಆ ಮೊಲ ಈಗ ಪುಸ್ತಕವಾಗಿ ಶಾಲೆಗೆ ಬಂದಿದ್ದರೆ ಕ್ಯಾರೆಟ್ ಕಡಿಯುತ್ತ ತಿಂಗಳು ಕಾಯಬೇಕಿತ್ತು.

ಟೇಲರ್ ಈಗ ಮೊಲದ ಊರಲ್ಲ, ಕಂಪ್ಯೂಟರ್ ಚಿಪ್‌ಗಳ ಊರು. 2021ರಲ್ಲಿ ಸ್ಯಾಮ್‌ಸಂಗ್ 17 ಶತಕೋಟಿ ಡಾಲರಿನ ಕಾರ್ಖಾನೆ ಘೋಷಿಸಿದ ಮೇಲೆ ಸುತ್ತಲಿನ ಊರುಗಳ ಮನೆ ಬೆಲೆ ಟೆಕ್ಸಸ್‌ನಲ್ಲಿರುವ ನಮ್ಮವರ ನಾಲಿಗೆಯ ಮೇಲಿದೆ. ಪುಸ್ತಕದ ಜಗಳದಲ್ಲಿ ನಮ್ಮವರು ಯಾವ ಪಕ್ಷ? ಯಾವ ಪಕ್ಷವೂ ಅಲ್ಲ. ನಮ್ಮ ಮನೆಗಳಲ್ಲಿ ಕಾನೂನು, ಕೋರ್ಟು ಏನೂ ಬೇಕಾಗಿಲ್ಲ. “ಪುಟ್ಟಾ, ಕಥೆ ಪುಸ್ತಕ ಆಮೇಲೆ ಓದ್ಕೋ, ಮೊದ್ಲು ಎಸ್‌ಎಟಿ ಮುಗಿಸು” ಎಂದು ಅಮ್ಮ ಅಡುಗೆಮನೆಯಿಂದ ಹೇಳಿದರೆ ಮುಗಿಯಿತು. ಒಂದೇ ಮಾತಿಗೆ 850 ಪುಸ್ತಕವೂ ನಿಷೇಧ. ನಾವು ತುಂಬು ಹೃದಯದಿಂದ ಮತ ಹಾಕುವ ಪುಸ್ತಕ ಡಿಕ್ಷನರಿ. ರಾಷ್ಟ್ರಮಟ್ಟದ ಸ್ಪೆಲಿಂಗ್ ಬೀ ಪ್ರಶಸ್ತಿ 2018ರಲ್ಲಿ ಡಲ್ಲಾಸ್ ಪಕ್ಕದ ಮೆಕಿನ್ನಿಗೆ ಬಂತು, 2025ರಲ್ಲಿ ಆಲನ್‌ಗೆ. ಎರಡು ಸಲವೂ ಭಾರತ ಮೂಲದ ಮಕ್ಕಳೇ. ಪಾಪ, ಫ್ಲೋರಿಡಾದ ಎಸ್ಕಾಂಬಿಯಾ ಕೌಂಟಿಯ ಶಾಲೆಗಳು ಡಿಕ್ಷನರಿಗಳನ್ನೂ ಪರಿಶೀಲನೆಗೆಂದು ಎತ್ತಿಟ್ಟಿದ್ದವು. ಆ ಗಾಳಿ ಟೆಕ್ಸಸ್‌ಗೆ ಬೀಸಿದ ದಿನ ನಮ್ಮವರು ಬೀದಿಗಿಳಿಯುತ್ತಾರೆ, ಅನುಮಾನವಿಲ್ಲ.

ಟೆಕ್ಸಸ್ ನೋಡಿ ನಗುವ ಕರ್ನಾಟಕದವರಿಗೂ ಒಂದು ಮಾತು. ನಮ್ಮ ಗ್ರಂಥಾಲಯಗಳಲ್ಲಿ ಪುಸ್ತಕ ಆರಿಸುವುದು ಆಯ್ಕೆ ಸಮಿತಿ, ಕೊಳ್ಳುವುದು ಸಗಟಿನಲ್ಲಿ. ಅದಕ್ಕೆಂದು 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ನಮ್ಮಿಂದ ನೂರಕ್ಕೆ ಆರರಂತೆ ಕರ ಎತ್ತುತ್ತಾರೆ. ಹದಿನಾಲ್ಕರ ಹುಡುಗನಿಗೆ ಯಾವ ಪುಸ್ತಕ ಇಷ್ಟ ಎಂದು ಆ ಸಮಿತಿ ಕೇಳಿದ್ದನ್ನು ಕಂಡವರಿದ್ದರೆ ತಿಳಿಸಿ. 2022ರಲ್ಲಿ ಶಾಲಾ ಪಠ್ಯ ಪರಿಷ್ಕರಣೆಯ ರಾದ್ಧಾಂತವಾದಾಗ ಸಾಹಿತಿ ದೇವನೂರ ಮಹಾದೇವರು ತಮ್ಮ ಪಾಠವೇ ಬೇಡವೆಂದು ಒಪ್ಪಿಗೆ ಹಿಂತೆಗೆದುಕೊಂಡರು. ಟಿ.ವಿ.ಯಲ್ಲಿ ಎಡದವರೂ ಬಲದವರೂ ತಿಂಗಳುಗಟ್ಟಲೆ ಕೂಗಾಡಿದರು. ಆ ಪಾಠ ಓದಬೇಕಾದ ಮಕ್ಕಳ ಮುಂದೆ ಮೈಕು ಹಿಡಿದವರನ್ನು ಮಾತ್ರ ನಾನು ಕಾಣೆ.

ಆದ್ದರಿಂದ ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್‌ಗಳ ಕನ್ನಡ ಸಂಘದ ಪದಾಧಿಕಾರಿಗಳಲ್ಲಿ ಕೈಮುಗಿದು ಕೇಳುತ್ತೇನೆ. ಮುಂದಿನ ರಾಜ್ಯೋತ್ಸವಕ್ಕೆ ಒಂದು ಫ್ಯಾಷನ್ ಶೋ ಕಡಿಮೆ ಮಾಡಿ, 20 ಕನ್ನಡ ಪುಸ್ತಕಗಳನ್ನು ಮೇಜಿನ ಮೇಲಿಡಿ. ಐದು ಓದಿದ ಮಕ್ಕಳು ಮತ ಹಾಕಲಿ. ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ವೇದಿಕೆಯಲ್ಲಿ ಕಣ್ಣೀರಿಡುವ ಹಿರಿಯರಿಗೂ ಭಾಷಣಕ್ಕೆ ಮೊದಲು ಅದೇ ಐದು ಪುಸ್ತಕದ ಷರತ್ತು ಹಾಕಿ. ಕಾರ್ಯಕ್ರಮ ಬೇಗ ಮುಗಿಯುತ್ತದೆ.